ಗರಡಿ ಮಣ್ಣು ಮೆತ್ತಿದ ರಿಮೋಟು

ಮೊನ್ನೆ ಭಾನುವಾರ ಟಿ.ವಿ. ಇಟ್ಟ ಕಪಾಟಿನ ಧೂಳು ಒರೆಸುತ್ತಿದ್ದಾಗ ವಿಡಿಯೋ ಗೇಮಿನ ರಿಮೋಟು ಕೈಗೆ ಬಂತು. ಅದನ್ನು ಕಂಟ್ರೋಲರ್ ಎನ್ನಬೇಕಂತೆ. ನಮ್ಮ ಮನೆಯಲ್ಲಿ ಗುಂಡಿಗಳಿರುವುದೆಲ್ಲ ರಿಮೋಟೇ. ಬಲಗಡೆಯ ಗುಂಡಿಯ ಸುತ್ತ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆದಕಿ ಮೂಸಿದೆ. ಎಣ್ಣೆ, ಅರಿಸಿನ, ಹಸಿ ನೆಲ. ಗರಡಿಮನೆಯ ಮಣ್ಣು! ಸೂಪರ್‌ಹೀರೋ ಆಟಕ್ಕೂ ಕುಸ್ತಿಯ ಮಣ್ಣಿಗೂ ಎಲ್ಲಿಯ ನಂಟು ಅಂತೀರಾ? ನಮ್ಮ ದೊಡ್ಡಪ್ಪ ಬೆಸೆದ ನಂಟು ಅದು.

ದೊಡ್ಡಪ್ಪ ಹರಿಹರದವರು. ಅಲ್ಲಿನ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ವಸ್ತಾದ. ನನಗೂ ಕಲಿಸಲು ನೋಡಿ, ನನ್ನ ತೋಳು ಮುಟ್ಟಿ, 'ನೀ ಮಾತು ಕಲಿ, ಸಾಕು' ಎಂದು ಕೈಬಿಟ್ಟವರು. ಮಾತನ್ನಂತೂ ಅವರಿಂದಲೇ ಕಲಿತೆ. ಕೆಲವು ವರ್ಷಗಳ ಹಿಂದೆ ಬೈಕಿನಿಂದ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಮಡಚಲು ಬರಲಿಲ್ಲ. ವ್ಯಾಯಾಮ ಮಾಡಿಸುವ ಡಾಕ್ಟರು ದಾವಣಗೆರೆಯಲ್ಲಿ ಇದ್ದುದರಿಂದ ಅಲ್ಲೇ ನಿಟ್ಟುವಳ್ಳಿ ಬಡಾವಣೆಯ ನಮ್ಮ ಮನೆಗೆ ಬಂದಿಳಿದರು. ಹಿಡಿತವಿಲ್ಲದ ಕೈ ಇಟ್ಟುಕೊಂಡು ಗರಡಿಗೆ ಇಳಿಯುವುದಿಲ್ಲ ಎಂಬುದು ಅವರ ಹಟ. ಕೈ ಬರದಿದ್ದರೆ ಗರಡಿಯೂ ಮುಗಿದ ಹಾಗೆ.

ಡಾಕ್ಟರು ಹಿಚುಕಲು ಕೊಟ್ಟ ಸ್ಪಂಜಿನ ಚೆಂಡನ್ನು ಒಮ್ಮೆ ನೋಡಿ ಮೂಲೆಗೆಸೆದರು. 'ಕೂಸಿನ ಸಾಮಾನು ಹಿಚುಕಾಕ ಇಲ್ಲೀತನಕ ಬಂದ್ನೇನು?'

ಆ ದಿನಗಳಲ್ಲಿ ತಲೆ ನರೆತ ನಾನು ಸೂಪರ್‌ಹೀರೋ ಆಟವೊಂದರ ಎರಡನೇ ಭಾಗ ತಂದು ಆಡುತ್ತಿದ್ದೆ. ಮೊದಲ ಭಾಗ ಮುಗಿಸಿದ ಜಂಬ ಬೇರೆ. ಸುಳ್ಳೇಕೆ, ಮಜವಾಗಿಯೇ ಇತ್ತು. ಹೀರೋ ಮಾಳಿಗೆಯಿಂದ ಮಾಳಿಗೆಗೆ ಹಾರಿದರೆ ಕುರ್ಚಿಯಲ್ಲಿ ಕೂತ ನಾನೂ ಕಾಲು ಮೇಲೆತ್ತುತ್ತಿದ್ದೆ. ಆದರೆ ಮಾಡಿದವರಿಗೆ ಅದೇನು ಅವಸರವೋ! ತುಟಿ ಅಲುಗಿ ಎಷ್ಟೋ ಹೊತ್ತಿಗೆ ಮಾತು ಬರುತ್ತಿತ್ತು. ಸೇತುವೆಯ ಮೇಲೆ ಓಡುವ ಜನರಿಗೆಲ್ಲ ಒಂದೇ ಮುಖ.

'ಇವರೆಲ್ಲ ಒಂದೇ ತಾಯಿ ಮಕ್ಕಳೇನಲೇ?' ಬೆನ್ನ ಹಿಂದೆ ದೊಡ್ಡಪ್ಪ. ಅಷ್ಟರಲ್ಲಿ ಖಳ ಬಂದು ನನ್ನ ಹೀರೋನನ್ನು ಬಾರಿಸತೊಡಗಿದ. 'ಹಂಗಲ್ಲೋ, ಸೊಂಟಕ್ಕೆ ಹಾಕು! ಥೂ, ಕೊಡಿಲ್ಲಿ.'

ನಗಬೇಡಿ. ಚೀಲದಿಂದ ಒಂದು ಗಂಟು ತೆಗೆದು, ಗರಡಿ ಮಣ್ಣನ್ನು ಹಣೆಗೂ ಬೆರಳಿಗೂ ಹಚ್ಚಿಕೊಂಡು ಅವರು ಟಿ.ವಿ.ಗೆ ಕೈಮುಗಿದು ಕುಸ್ತಿಯ ಸಲಾಮಿ ಕೊಟ್ಟರು. ಕಣ್ಣು ಬಿಡುವಷ್ಟರಲ್ಲಿ ಹೀರೋ ಅಂಗಾತ ಬಿದ್ದಿದ್ದ. 'ಸಲಾಮಿ ಮುಗಿಯೋತನಕ ತಡಿಯಾಕ ಬರಲ್ವೇನು ಈ ನನ್ಮಗನಿಗೆ?'

ಹೆಬ್ಬೆರಳು ಬಾಗದು. ಹಲ್ಲು ಕಚ್ಚಿ ಬಾಗಿಸುತ್ತಿದ್ದರು. ದಿನಗಟ್ಟಲೆ ಒದ್ದಾಡಿದ ಮೇಲೆ ಒಮ್ಮೆ ಖಳನನ್ನು ಕೆಡವಿಯೇ ಬಿಟ್ಟರು. ಕೆಡವಿ, ರಿಮೋಟನ್ನು ಪಕ್ಕಕ್ಕಿಟ್ಟು ಮೀಸೆ ತಿರುವಿದರು. ಖಳ ಎದ್ದು ಬಂದು ಹೀರೋನ ಕಥೆ ಮುಗಿಸಿದ.

'ಬಿದ್ದಾಗಲೇ ಹೊಡೀಬೇಕು ದೊಡ್ಡಪ್ಪ, ಆಟ ಇರೋದೇ ಹಂಗೆ' ಎಂದೆ.

'ಬೆನ್ನು ಮಣ್ಣಿಗೆ ಹತ್ತಿದ ಮ್ಯಾಲೆ ಕುಸ್ತಿ ಮುಗೀತು. ಬಿದ್ದೋನ್ನ ಹೊಡಿಯಾದು ನನ್ ಕೈಲಿ ಆಗಲ್ಲ.'

'ಹಂಗಾದ್ರೆ ಗೆಲ್ಲಾಕಾಗಲ್ಲ.'

'ಎದ್ದಷ್ಟು ಸಲ ಕೆಡವ್ತೀನಿ.'

ಒಂದು ಗುಂಡಿ ಒತ್ತಿದರೆ ಮುಗಿಯುವ ಕಾಳಗವನ್ನು ಅವರು ಬೆಳಗಿನಿಂದ ಊಟದ ಹೊತ್ತಿನವರೆಗೆ ಎಳೆಯುತ್ತಿದ್ದರು. ಕೆಡವುವುದು, ಏಳಲು ಬಿಡುವುದು, ಮತ್ತೆ ಕೆಡವುವುದು. 'ಮಾವ, ರೊಟ್ಟಿ ಆರ್ತಾವ, ಏಳ್ರಿ' ಎಂದು ನನ್ನಾಕೆ ಕರೆದರೆ, 'ತಡಿಯವ್ವ, ಮೊದ್ಲು ಇವನು ಏಳ್ಲಿ' ಎನ್ನುವರು.

ಒಂದು ಮಧ್ಯಾಹ್ನ ಖಳ ತಾನಾಗಿಯೇ ಗೋಡೆಯೊಳಗೆ ಸಿಕ್ಕಿಕೊಂಡ. ಆಟದಲ್ಲಿದ್ದ ಇನ್ನೊಂದು ಹುಳುಕು ಅದು. ಅರ್ಧ ಮೈ ಇಟ್ಟಿಗೆಯೊಳಗೆ. ಹೊರಗುಳಿದ ಒಂದು ಕಾಲು ಸುಮ್ಮನೆ ಬಡಿದುಕೊಳ್ಳುತ್ತಿತ್ತು. ನಾನು ಕೂತಲ್ಲಿಂದ ಜಿಗಿದೆ. 'ಹೊಡೀರಿ ದೊಡ್ಡಪ್ಪ! ಇನ್ನೂ ಬಿದ್ದಿಲ್ಲ, ನಿಂತೇ ಅದಾನೆ!' ನಾನಾಗಿದ್ದರೆ ಹೊಡೆದು ಓಣಿಗೆಲ್ಲ ಪೇಡ ಹಂಚುತ್ತಿದ್ದೆ.

ದೊಡ್ಡಪ್ಪ ತೆರೆಯನ್ನು ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ನೋಡಿಕೊಂಡರು.

'ಕೈ ಆಡದೋನ್ನ ಗೆದ್ದು ಬಂದೆ ಅಂತ ಗರಡ್ಯಾಗ ಹೆಂಗೆ ಹೇಳ್ಲಲೇ? ಮೊದಲಿಂದ ಹಾಕು.'

ಆ ಆಟವನ್ನು ಅವರು ಗೆಲ್ಲಲೇ ಇಲ್ಲ. ಆದರೆ ಹರಿಹರಕ್ಕೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಬಲಗೈ ಚಾಚಿ 'ಹಿಡಿ' ಎಂದರು. ಹಿಡಿದೆ. 'ಬಿಡಿಸ್ಕ' ಎಂದರು. ಎಳೆದೆ, ಜಗ್ಗಿದೆ, ಕಾಲು ಕೊಟ್ಟು ನಿಂತೆ. ಕಂಡಕ್ಟರ್ ಸೀಟಿ ಊದಿ, 'ಕೈ ಬಿಡ್ರಿ ಯಜಮಾನ್ರೆ, ಇಲ್ಲಾಂದ್ರೆ ಅವರಿಗೂ ಟಿಕೆಟ್ ಹರೀಬೇಕಾಗ್ತೈತೆ' ಎಂದ ಮೇಲೆಯೇ ನನ್ನ ಕೈ ನನಗೆ ಸಿಕ್ಕಿದ್ದು. ಮರುದಿನ ಬೆಳಿಗ್ಗೆ ಅವರು ಗರಡಿಗೆ ಇಳಿದರು. ಈಗಲೂ ಅಲ್ಲೇ ಇದ್ದಾರೆ, ಹುಡುಗರನ್ನು ಕೆಡವುತ್ತ, ಏಳಲು ಬಿಡುತ್ತ.

ಮೊನ್ನೆ ಆ ಮಣ್ಣನ್ನು ಪೂರ್ತಿ ಒರೆಸಲು ಮನಸ್ಸಾಗಲಿಲ್ಲ. ಆಟ ಹಾಕಿದೆ. ಆ ಖಳನನ್ನು ನಾನು ಇಂದಿಗೂ ಕೆಡವಿಯೂ ಇಲ್ಲ, ಸೋಲಿಸಿಯೂ ಇಲ್ಲ. ಹೊಡೆದಾಡುತ್ತ ಹೊಡೆದಾಡುತ್ತ ಅವನು ಹೋಗಿ ಅದೇ ಗೋಡೆಗೆ ಸಿಕ್ಕಿಕೊಂಡ.

'ಇವತ್ತರ ಗೆದ್ದು ಎದ್ದು ಬರ್ರಿ, ಊಟಕ್ಕೆ ಹೊತ್ತಾತು' ಎಂದಳು ಬಾಗಿಲಲ್ಲಿ ನಿಂತ ನನ್ನಾಕೆ.

ಹೆಬ್ಬೆರಳು ಗುಂಡಿಯ ಮೇಲಿತ್ತು. ಉಗುರ ಸಂದಿಯಲ್ಲಿ ಕೆಂಪು ಮಣ್ಣು.

'ರೊಟ್ಟಿ ಮುಚ್ಚಿಡು' ಎಂದೆ. ಆಟವನ್ನು ಮೊದಲಿಂದ ಹಾಕಿದೆ.