ಕುಂಟೆಯ ನೀರು ತಿಳಿಯಾದ ವಾರ

"ಎವರಮ್ಮಾ ನುವ್ವು?"

ಶಿಡ್ಲಘಟ್ಟದ ಬಳಿಯ ಮೇಲೂರಿನಲ್ಲಿ ಬಾಡಿಗೆ ಕೋಣೆ ಕೇಳಲು ಬಾಗಿಲು ತಟ್ಟಿದಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಧಾರವಾಡದಿಂದ ಒಂದು ರೈಲು, ಎರಡು ಬಸ್ಸು ಹತ್ತಿಳಿದಿದ್ದೆ, ರಾಜ್ಯವನ್ನೇನೂ ದಾಟಿರಲಿಲ್ಲ. ಆದರೂ 'ಯಾರಮ್ಮ ನೀನು' ಎಂದು ಕೇಳಿದ್ದು ತೆಲುಗಿನಲ್ಲಿ. "ಕೆರಿ ನೀರಿನ ಮ್ಯಾಲೆ ಪಿಎಚ್‌ಡಿ ಮಾಡಾಕ ಬಂದೇನ್ರಿ" ಎಂದದ್ದೇ ತಡ, ಆಕೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನನ್ನ ಕನ್ನಡ ಅವರಿಗೆ ಅಷ್ಟು ವಿಚಿತ್ರವಾಗಿ ಕೇಳಿಸಿತ್ತು.

ಆಕೆ ಮನೆಯೊಡತಿ ನಾರಾಯಣಮ್ಮ. ಗಂಡ ಮುನಿವೆಂಕಟಪ್ಪನವರದು ದ್ರಾಕ್ಷಿ ತೋಟ. ಮನೆಯೊಳಗೆ ಮಾತು ತೆಲುಗು. ಕಲಿತ ಶಾಲೆ ಕನ್ನಡದ್ದಾದ್ದರಿಂದ ಓದು ಮಾತ್ರ ಕನ್ನಡ. ತೆಲುಗಿನ ಒಂದಕ್ಷರವೂ ಓದಲು ಬಾರದ ನಾರಾಯಣಮ್ಮ ಸಂಜೆ ಜಗಲಿಯ ಮೇಲೆ ಕೂತು ಕನ್ನಡ ವಾರಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುತ್ತಿದ್ದರು.

ನಮ್ಮ ಕಡೆ ರೊಟ್ಟಿಯನ್ನು ಎಷ್ಟು ಹೊತ್ತು ಅಗಿದರೂ ಯಾರೂ ಕೇಳುವುದಿಲ್ಲ. ಇಲ್ಲಿ ಮುದ್ದೆ ಅಗಿದರೆ ಮನೆಮಂದಿಯೆಲ್ಲ ತಿರುಗಿ ನೋಡುತ್ತಾರೆ. "ಅಗೀಬೇಡಮ್ಮಾ, ಸಾರಲ್ಲಿ ಅದ್ದಿ ನುಂಗು" ಎಂದು ನಾರಾಯಣಮ್ಮ ನನಗೆ ತಿಂಗಳುಗಟ್ಟಲೆ ಪಾಠ ಹೇಳಿದರು. ಮೊದಲ ಸಲ ಅದು ಸಲೀಸಾಗಿ ಗಂಟಲಿಳಿದ ದಿನ ಅವ್ವನಿಗೆ ಕಾಗದ ಬರೆದೆ.

ನನ್ನ ಸಂಶೋಧನೆ ನೀರಿನ ಮೇಲೆ ಕೆನೆಗಟ್ಟುವ ಹಸಿರು ಪಾಚಿಯ ಕುರಿತು. ಅದರಲ್ಲಿ ಕೆಲವು ಜಾತಿಗಳು ಒಡಲೊಳಗೆ ವಿಷ ಇಟ್ಟುಕೊಂಡಿರುತ್ತವೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಕೆರೆಗಳಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆ. ಆ ಬೇಸಿಗೆ ದ್ರಾಕ್ಷಿ ತೋಟದ ಪಕ್ಕದ ಕುಂಟೆಯೂ ಬಣ್ಣ ಕದಡಿದಂತೆ ಹಸಿರಾಯಿತು. ಕುಂಟೆಯೆಂದರೆ ಕೆರೆಗಿಂತ ಚಿಕ್ಕದು, ದನಗಳಿಗೆಂದು ತೋಡಿದ್ದು. ನಾತಕ್ಕೆ ಹೇಸಿ ನಾರಾಯಣಮ್ಮ ತಮ್ಮ ಸೀಮೆಹಸುವನ್ನು ಅತ್ತ ಬಿಡದೆ, ದೂರದ ಕೈಪಂಪಿನಿಂದ ಕೊಡಗಟ್ಟಲೆ ನೀರು ಹೊತ್ತು ಕುಡಿಸುತ್ತಿದ್ದರು.

"ಇಷ್ಟೆಲ್ಲ ಓದಿದೀಯ, ಇದಕ್ಕೊಂದು ಮದ್ದಿಲ್ವೇನಮ್ಮಾ?" ಎಂದು ಒಂದು ದಿನ ಊಟಕ್ಕೆ ಕೂತಾಗ ಸೊಂಟ ಹಿಡಿದುಕೊಂಡು ಕೇಳಿದರು.

"ಮೈಲುತುತ್ತ ಹಾಕಿದ್ರ ಸಾಯ್ತದರಿ" ಎಂದೆ.

ಪ್ರಯೋಗಾಲಯದಲ್ಲಿ ನಾನು ಇಂಗ್ಲಿಷ್ ಹೆಸರಿನಿಂದ ಬಲ್ಲ ಆ ನೀಲಿ ಹರಳನ್ನು ಇವರು ಸುಣ್ಣದ ಜೊತೆ ಕಲಸಿ ದ್ರಾಕ್ಷಿಗೆ ಹೊಡೆಯುತ್ತಾರೆ. ಮೈಲುತುತ್ತ ಎಂಬ ಹೆಸರನ್ನು ಮುನಿವೆಂಕಟಪ್ಪನವರಿಂದಲೇ ಕಲಿತಿದ್ದೆ. ಅವರ ಪದದಲ್ಲೇ ಅವರಿಗೆ ಮದ್ದು ಹೇಳಿದೆನೆಂದು ಉಬ್ಬಿಹೋದೆ.

"ಅದು ಮನೇಲೇ ಬಿದ್ದಿದೆಯಲ್ಲ!" ಎಂದರು ಮುನಿವೆಂಕಟಪ್ಪ.

"ನಮ್ಮ ಮಗಳು ಅಂದ್ರೆ ಸುಮ್ನೇನಾ?" ಎಂದರು ನಾರಾಯಣಮ್ಮ.

ಆ ಮಾತಿನ ಸುಖದಲ್ಲಿ ಉಳಿದರ್ಧ ಹೇಳಲಿಲ್ಲ. ಪಾಚಿ ಸತ್ತಾಗ ಅದರೊಳಗಿನ ವಿಷವೆಲ್ಲ ನೀರಿಗೆ ಇಳಿಯುತ್ತದೆ. ಎಷ್ಟೋ ದಿನ ಅದನ್ನು ದನಗಳಿಗೆ ಕುಡಿಸಬಾರದು. ನನಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಬಾಟಲಿ ಹೊತ್ತು ಬೆಂಗಳೂರಿನ ಬಸ್ಸು ಹತ್ತಿದೆ.

ವಾರ ಕಳೆದು ಬಂದಾಗ ಕೊಟ್ಟಿಗೆ ಖಾಲಿಯಾಗಿತ್ತು.

"ನೀರು ತಳ ಕಾಣೋ ಹಂಗೆ ತಿಳಿಯಾಗಿತ್ತಮ್ಮಾ. ನಾನೇ ಹಿಡ್ಕೊಂಡು ಹೋಗಿ ಹೊಟ್ಟೆ ತುಂಬ ಕುಡಿಸ್ದೆ. ಸಂಜೆಗೆಲ್ಲ ಬಿದ್ಬಿಡ್ತು. ಹಾವು ಕಚ್ಚಿರ್ಬೇಕು ಅಂತಾರೆ." ನಾರಾಯಣಮ್ಮ ಕಣ್ಣೊರೆಸಿಕೊಂಡರು. "ಕುಂಟೆ ಮಾತ್ರ ನಿನ್ನಿಂದ ಚೊಕ್ಕಟವಾಯ್ತು."

"ನಾ ಪರೀಕ್ಷೆ ಮಾಡೂತನಕ ಬ್ಯಾರೆ ದನ ಬಿಡಬ್ಯಾಡ್ರಿ" ಎಂದೆ. ಅಷ್ಟು ಹೇಳಲು ಬಾಯಿ ಬಂತು. ಕೊಂದದ್ದು ಹಾವಲ್ಲ, ನನ್ನ ಅರ್ಧ ಮಾತು ಎನ್ನಲು ಬರಲಿಲ್ಲ. ಅದು ಹೇಡಿತನವೇ, ಬೇರೆ ಹೆಸರು ಕೊಟ್ಟು ನನ್ನನ್ನು ನಾನು ಸಮಾಧಾನಪಡಿಸಿಕೊಳ್ಳುವುದಿಲ್ಲ.

ಆ ಹಸು ನನ್ನ ಪ್ರಬಂಧದಲ್ಲಿದೆ, ಸತ್ತ ಕಾರಣದ ಸಮೇತ, ಇಂಗ್ಲಿಷಿನಲ್ಲಿ. ಕೃತಜ್ಞತೆಯ ಪುಟದಲ್ಲಿ ನಾರಾಯಣಮ್ಮನವರ ಹೆಸರಿದೆ. ತೋರಿಸಿದಾಗ ಅದರ ಮೇಲೆ ಬೆರಳಾಡಿಸಿ ಸಂತೋಷಪಟ್ಟರು. ಹೊರಡುವಾಗ ಹೂವು, ರವಿಕೆ ಕಣ ಕೊಟ್ಟು, "ತವರಿಗೆ ಬಂದಂಗೆ ಬರ್ತಾ ಇರಮ್ಮಾ" ಎಂದರು.

ಈಗ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಧಾರವಾಡಕ್ಕೆ ಹೋದರೆ "ನಿನ್ನ ಮಾತ ಬದಲಾಗ್ಯಾವ" ಎನ್ನುತ್ತಾಳೆ ಅವ್ವ. ಇಲ್ಲಿ ಬಾಯಿ ತೆರೆದರೆ ಇಂದಿಗೂ "ಯಾವ ಕಡೆಯವರು?" ಎಂದು ಕೇಳುತ್ತಾರೆ. ಮೇಲೂರಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ, ಆಮೇಲೆ ಒಮ್ಮೆಯೂ ಹೋಗಿಲ್ಲ.

ಧಾರವಾಡದವರಿಗೆ ಈ ಹೊಸ ನಾಡಿನ ಸಮಾಚಾರ ಬರೆಯಲು ಕುಳಿತವಳು ಇಲ್ಲಿಗೆ ಬಂದು ಮುಟ್ಟಿದೆ. ಇದನ್ನು ನಾರಾಯಣಮ್ಮ ಓದುವ ಆ ವಾರಪತ್ರಿಕೆಗೇ ಕಳಿಸುತ್ತಿದ್ದೇನೆ. ಅವರು ಒಂದು ಸಾಲನ್ನೂ ಬಿಡುವವರಲ್ಲ.