ಎಡಕ್ಕೆ ಶರಣು, ಬಲಕ್ಕೆ ನಾನು

ಸುದ್ದಿ ಸುಳ್ಳಿರಬೇಕು ಅಂತ ಅವನ ನಂಬರಿಗೇ ಫೋನ್ ಹಚ್ಚಿದೆ...
ಅವನ ತಮ್ಮ ಎತ್ತಿದ.
"ಖರೇ ಅದ ಕಾಶಣ್ಣ. ಅಣ್ಣ ಹೋದ" ಅಂದ.

ನಮ್ಮ ಶರಣು ಇಲ್ಲ ಗೆಳೆಯರೇ...

ವಾಡಿ ಕಡೆ ಸಿಮೆಂಟ್ ಪ್ಲಾಂಟಿನಲ್ಲಿ ನನ್ನ ಜೊತೆ ಫಿಟರ್ ಆಗಿದ್ದವನು.
ಸಿಮೆಂಟ್ ಅರೆಯುವ ಮಿಲ್ಲಿನ ಸದ್ದಿನಿಂದ ಹಾಡು ಮಾಡಿ, ನಿಮಗೆಲ್ಲ ಕಳಿಸಿ ತಲೆ ತಿನ್ನುತ್ತಿದ್ದವನು.
ಇವತ್ತು ಬೆಳಿಗ್ಗೆ ಡ್ಯೂಟಿಗೆ ಹೊರಟವನು, ಬೂಟಿನ ಲೇಸ್ ಕಟ್ಟಲು ಬಗ್ಗಿದ್ದಾನೆ. ಮತ್ತೆ ಏಳಲಿಲ್ಲ.
ಹಾರ್ಟ್ ಅಟ್ಯಾಕ್ ಅಂತೆ...

ದುಃಖ ಇದೆ, ಇಲ್ಲ ಅನ್ನಲ್ಲ.
ಆದರೆ ಅದಕ್ಕಿಂತ ಹೆಚ್ಚು ಹೆದರಿಕೆ ಇದೆ. ಒಬ್ಬನೇ ಇಟ್ಟುಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫಿಟರ್‌ಗಳಿಗೆ ಒಂದು ರೂಢಿ ಇದೆ.
ಬೇರಿಂಗ್ ಮೇಲೆ ಸ್ಕ್ರೂಡ್ರೈವರ್ ತುದಿ ಇಟ್ಟು, ಹಿಡಿಕೆಗೆ ಕಿವಿ ಹಚ್ಚಿ ಕೇಳುತ್ತೇವೆ.
ಚೆನ್ನಾಗಿದ್ದರೆ ಒಂದೇ ಸಮ ಗುಂಯ್ ಅನ್ನುತ್ತದೆ.
ಕೆಡಲು ಶುರುವಾದರೆ ನಡುನಡುವೆ ಎಡವುತ್ತದೆ... ಕಟ್... ಕಟ್...
ಆ ಸದ್ದು ಕೇಳಿದರೆ ನಮಗೆಲ್ಲ ಎದೆ ಧಸಕ್ ಅನ್ನುತ್ತದೆ.
ಶರಣುಗೆ ಮಾತ್ರ ಮುಖ ಅರಳುತ್ತಿತ್ತು. "ಕೆಡೋ ಮುಂಚೆ ಮಷೀನು ಹಾಡ್ತದ ಕಾಶಣ್ಣ, ಕೇಳು" ಅನ್ನುತ್ತಿದ್ದ.

ರೂಪಾಯಿ ನಾಣ್ಯದಷ್ಟು ಸಣ್ಣ ಮೈಕ್ ತರಿಸಿದ್ದ. ಎಲ್ಲಿಗೆ ಬೇಕಾದರೂ ಅಂಟಿಸುತ್ತಿದ್ದ.
ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿ... ಶಹಾಬಾದಿನ ಪರ್ಸಿ ಕಲ್ಲು ಪಾಲಿಷ್ ಮಾಡುವ ಮಷೀನು...
ಎಲ್ಲ ಕಲಸಿ, ನಿಧಾನ ಮಾಡಿ, ಇದು ಇಂಡಸ್ಟ್ರಿಯಲ್ ಮ್ಯೂಸಿಕ್ ಅಂತ ಕಳಿಸುತ್ತಿದ್ದ.
ಸುಲೇಪೇಟದ ನಮ್ಮ ಮಾವನವರು ಒಮ್ಮೆ ಕೇಳಿ, "ಅಳಿಯಾರ, ಇದು ಹಾಡಲ್ಲರಿ, ಬೋರ್ ಹೊಡಿಯೋ ಗಾಡಿ ಕೆಟ್ಟಾದ" ಅಂದಿದ್ದರು.

ನನಗೂ ಮೊದಲು ಹಾಗೇ ಅನಿಸಿತ್ತು. ಮೈ ಜುಂ ಅಂತು. ಹೆಡ್‌ಫೋನ್ ಕಿತ್ತು ಬಿಸಾಡಬೇಕು ಅನಿಸಿತು.
ಆದರೆ ತೆಗೆಯಲಿಲ್ಲ...
ನೋಯುವ ಹಲ್ಲಿಗೇ ನಾಲಿಗೆ ಮತ್ತೆ ಮತ್ತೆ ಹೋಗುತ್ತದಲ್ಲ, ಹಾಗೆ.
ಡ್ಯೂಟಿಯಲ್ಲಿ ದಿನವಿಡೀ ಕೇಳಿದ ಕರ್ಕಶವನ್ನೇ ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ಹಾಕಿಕೊಂಡು ಕೇಳುವ ಹುಚ್ಚ ನಾನಾದೆ.

ಶರಣು...
ಅವತ್ತು ಚಹಾದ ಹೊತ್ತಿನಲ್ಲಿ ವರ್ಕ್‌ಶಾಪಿನಲ್ಲಿ ಏನು ಮಾಡಿದೆ ನೆನಪಿದೆಯಾ...
"ಕಾಶಣ್ಣ, ನಿನ್ನ ಮೋಟರ್ ಹ್ಯಾಂಗ ಓಡ್ಲಾಕತ್ತದ ಕೇಳಮು, ಅಂಗಿ ತೆಗಿ" ಅಂದೆ.
ನನ್ನ ಎದೆಗೆ ಮೈಕ್ ಇಟ್ಟು ಟೇಪ್ ಹಚ್ಚಿದೆ. ಆಮೇಲೆ ನಿನ್ನ ಎದೆಗೆ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ಹೋದ ವಾರ ನೀನು ಅದರದೇ ಹಾಡು ಮಾಡಿ ಕಳಿಸಿ ಬರೆದೆ: "ಎಡಕ ನಾ, ಬಲಕ ನೀ. ಹೆಡ್‌ಫೋನ್ ಹಾಕ್ಕೊಂಡೇ ಕೇಳು."

ಎಂಥ ಹಾಡು ಮಾರಾಯ ಅದು...
ಕೆಳಗೆ ಮಿಲ್ಲಿನ ಗುಂಯ್. ಮೇಲೆ ಎರಡು ಎದೆ.
ಎಡಗಡೆಯದು ನಡುನಡುವೆ ಎಡವಿ, ತಡೆದು, ಆಮೇಲೆ ಓಡಿ ಬಂದು ಜೊತೆಗೂಡುತ್ತದೆ.
"ನಿನ್ನ ಬೇರಿಂಗ್ ಹೋಗ್ಯಾದ ಲೇ, ಬದಲಿ ಮಾಡಸು" ಅಂತ ನಾನು ವಾಯ್ಸ್ ಮೆಸೇಜ್ ಹಾಕಿದೆ.
"ಅದೇ ಭಾಳ ಚಂದ ಅದ ಕಾಶಣ್ಣ, ಅದಕ್ಕೇ ತೆಗ್ದಿಲ್ಲ" ಅಂದೆ ನೀನು.
ಹೌದು... ಹಾಡಿನಲ್ಲಿ ನನಗೂ ಹಿಡಿಸಿದ್ದು ಆ ಜಾಗವೇ.

ಮಿಲ್ಲಿನಲ್ಲಿ ಆ ಸದ್ದು ಬಂದಿದ್ದರೆ ಇಬ್ಬರೂ ಓಡಿ ಹೋಗಿ ಲೈನ್ ನಿಲ್ಲಿಸುತ್ತಿದ್ದೆವು.
ಎದೆಯಲ್ಲಿ ಬಂತು...
ತಾಳ ಹಾಕಿದೆವು.

ಬೆಳಿಗ್ಗೆ ಸುದ್ದಿ ಕೇಳಿ ಅತ್ತು ಮುಗಿಸಿ, ಹೆಡ್‌ಫೋನ್ ಹಾಕಿಕೊಂಡೆ. ನಿನ್ನ ಸದ್ದು ಇನ್ನೊಮ್ಮೆ ಕೇಳಬೇಕು ಅನಿಸಿತು, ಅಷ್ಟೇ.
ಎಡಗಡೆ ನೀನಿದ್ದೆ. ಎಡವುತ್ತಾ ಇದ್ದೆ.
ಆಮೇಲೆ ಮೊದಲ ಸಲ ಬಲಗಡೆ ಮಾತ್ರ ಕೇಳಿದೆ. ನನ್ನದು.
ಒಂದೇ ಸಮ ಇತ್ತು... ಒಂದೇ ಸಮ...
ಕೊನೆಗೆ ಬಂದಾಗ ಒಂದು ಕಡೆ ಎಡವಿತು.
ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಮತ್ತೆ ಎಡವಿತು.
ಮಿಲ್ಲಿನ ಸದ್ದು ಇರಬಹುದು... ಮೈಕ್ ಜಾರಿರಬಹುದು...
ಇಷ್ಟು ವರ್ಷ ಬೇರಿಂಗ್ ಕೇಳಿದ ಕಿವಿ ಇದು. ಅದಕ್ಕೆ ಏನು ಸುಳ್ಳು ಹೇಳಲಿ...

ನನ್ನ ಹೆಂಡತಿ ಬಂದು ಕಿವಿಯಿಂದ ಹೆಡ್‌ಫೋನ್ ಕಿತ್ತುಕೊಂಡಳು.
"ಅಲ್ಲಿ ಹೆಣ ಇನ್ನೂ ಮನ್ಯಾಗದ. ನೀವಿಲ್ಲಿ ಕಾಲು ಕುಣಸ್ಲಾಕತ್ತೀರಲ್ಲರಿ" ಅಂದಳು.
ಕೆಳಗೆ ನೋಡಿಕೊಂಡೆ.
ಹೌದು, ಕಾಲು ತಾಳ ಹಾಕುತ್ತಿತ್ತು.
ನನಗೆ ಎಲ್ಲಕ್ಕಿಂತ ಹೆದರಿಕೆ ಆಗಿದ್ದು ಆಗ.

ಎಲ್ಲ ಹೇಳಿದೆ ಅವಳಿಗೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ, ನನ್ನ ಎದೆಗೆ ಕಿವಿ ಇಟ್ಟು ಕೇಳಿದಳು.
ಆಮೇಲೆ, "ಮಣ್ಣಿಗೆ ಹೋಗಿ ಬರ್ರಿ. ಬಂದ ಮ್ಯಾಲ ಸೀದಾ ಕಲಬುರಗಿ ದವಾಖಾನಿಗೆ ಹೋಗಮು. ನಾನೂ ಬರ್ತೀನಿ" ಅಂದಳು.

ಸಂಜೆ ದಂಡೋತಿಯಲ್ಲಿ, ಅವರ ಹೊಲದಲ್ಲೇ ಮಣ್ಣು. ಪ್ಲಾಂಟಿನವರು, ಗೊತ್ತಿದ್ದವರು ಬನ್ನಿ.
ಅವನ ಆ ಕೊನೆಯ ಹಾಡು ಕಳಿಸು ಅಂತ ಕೆಲವರು ಕೇಳಿದ್ದೀರಿ... ಕಳಿಸಲ್ಲ.
ಅಳಿಸಲೂ ಆಗುತ್ತಿಲ್ಲ.
ಇದನ್ನು ಬರೆಯುತ್ತಿರುವಾಗಲೇ ಮತ್ತೆ ಹಾಕಬೇಕು ಅನಿಸುತ್ತಿದೆ. ಡಾಕ್ಟರ್ ಏನಾದರೂ ಹೇಳುವ ತನಕ ಫೋನ್ ಹೆಂಡತಿಯ ಹತ್ತಿರ ಇರಲಿ ಅಂತ, ಪೋಸ್ಟ್ ಮುಗಿದ ಮೇಲೆ ಕೊಟ್ಟುಬಿಡುತ್ತೇನೆ.

ಶರಣು, ನೀನು ಎದೆಯ ಸದ್ದನ್ನು ಹಾಡು ಮಾಡಿದ್ದಕ್ಕೆ ಸಿಟ್ಟಿಲ್ಲ ನನಗೆ.
ನಿನ್ನ ಹುಚ್ಚಿನಿಂದ ನನ್ನ ಎದೆ ನನಗೆ ಕೇಳಿಸಿತು. ನಿನ್ನದು ನಿನಗೆ ಕೇಳಿಸಿಯೂ... ಚಂದ ಅಂದುಬಿಟ್ಟೆ.

ಹೋಗಿ ಬಾ ತಮ್ಮಾ...
ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ. ಸದ್ದೇ ಇಲ್ಲದ ನೆಮ್ಮದಿ ನಿನಗೆ ಆಗಿಬರಲ್ಲ, ದೂರದಲ್ಲಿ ಒಂದು ಮಿಲ್ ತಿರುಗುತ್ತಿರಲಿ.
ಎಡಗಡೆ ನಿಂತಿತು.
ಬಲಗಡೆ ಇನ್ನೂ ಹೊಡೆಯುತ್ತಿದೆ... ಹೆದರಿಕೊಂಡೇ.