ಎಡಗೈಯ ಗರಗಸ

ಬೇಲಿಯ ಗೂಟ ಕೊಯ್ಯಲೆಂದು ಮೂಡುಬಿದಿರೆಯ ಗುಜರಿ ಅಂಗಡಿಯಿಂದ ಒಂದು ಹಳೆಯ ಗರಗಸ ತಂದೆ. ತರಬಾರದಿತ್ತು. ನಾನಾಗ ಸಿದ್ಧಕಟ್ಟೆಯಲ್ಲಿ ಹೊಸ ಮೇಷ್ಟ್ರು; ರಜೆಗೆ ಬೆಳುವಾಯಿಯ ದೊಡ್ಡಮ್ಮನ ಮನೆಗೆ ಬರುತ್ತಿದ್ದೆ.

ಯಾರೋ ಕೈಯಾರೆ ಕೆತ್ತಿದ ಹಲಸಿನ ಹಿಡಿ ನನ್ನ ಕೈಗೆ ಒಗ್ಗಲೇ ಇಲ್ಲ. ದರಿದ್ರದ್ದು ಎಂದು ಬೈದು ಜಗಲಿಗೆ ಎಸೆದೆ. ದೊಡ್ಡಮ್ಮ ಅದನ್ನೆತ್ತಿ ಎಡಗೈಯಲ್ಲಿ ಹಿಡಿದರು. ಬೆರಳುಗಳು ಹಿಡಿಯ ತಗ್ಗುಗಳಲ್ಲಿ ಸರಿಯಾಗಿ ಕೂತವು. ಮರ ಕೊಯ್ಯುತ್ತಿದ್ದ ದೊಡ್ಡಪ್ಪನದೂ ಎಡಗೈ. ಎರಡನೇ ಮಹಾಯುದ್ಧ ಮುಗಿದ ವರ್ಷ ಗರಗಸ ಹೆಗಲಿಗೇರಿಸಿ, ಬೆಳ್ತಂಗಡಿ ಆಚೆಯ ಕಾಡಿನಲ್ಲಿ ಮರ ಕಡಿಯುವ ಕೂಪಿಗೆ ಹೋದವರು ಮರಳಿರಲಿಲ್ಲ. ದೊಡ್ಡಮ್ಮ ಕುಂಕುಮ ಅಳಿಸಿರಲಿಲ್ಲ.

“ಇಂಥ ಹಿಡಿ ಬೇರೆಯವರದ್ದೂ ಇರ್ತದೆ” ಎಂದರು. “ಯಾರು ಮಾಡಿದ್ದು, ಯಾವಾಗಿನದು, ಕೇಳಿಕೊಂಡು ಬಾ ಮಗಾ. ಅವರು ಹೋದ ಮೇಲಿನ ಗರಗಸವಾದರೆ ಅವರದ್ದಲ್ಲವಲ್ಲ.”

ಸೀಮೆಎಣ್ಣೆ ಹಾಕಿ ತಿಕ್ಕಿದಾಗ ಹಿಡಿಯ ಹಿತ್ತಾಳೆ ಬಿಲ್ಲೆಯಲ್ಲಿ ವಿಲಾಯತಿ ಕಂಪೆನಿಯೊಂದರ ಹೆಸರು ಎದ್ದುಬಂತು. ಅಂಗಡಿಗೆ ಒಯ್ದಾಗ ಗುಜರಿಯ ಸಾಹೇಬರು ಕನ್ನಡಕ ಏರಿಸಿ ನೋಡಿದರು.

“ಯುದ್ಧಕ್ಕೆ ಮೊದಲಿನ ಮಾಲು ಮಾಷ್ಟ್ರೇ. ಆಮೇಲಿನದಕ್ಕೆ ಹಿತ್ತಾಳೆ ಇಲ್ಲ, ಬರೀ ಕಬ್ಬಿಣ. ಕೂಪಿನಲ್ಲಿ ಮರ ಬಿದ್ದು ತೀರಿದವನದ್ದಂತೆ. ಹೆಸರು ತಂದವರಿಗೂ ಗೊತ್ತಿಲ್ಲ.”

ನಡೆದೇ ಮನೆಗೆ ಬಂದೆ. ಹಿಂದೆ ಯಾರೋ ಬರುತ್ತಿದ್ದಾರೆಂದು ನಾಲ್ಕು ಸಲ ತಿರುಗಿ ನೋಡಿದೆ. ದೊಡ್ಡಮ್ಮ ಅಂಗಳದಲ್ಲೇ ನಿಂತಿದ್ದರು. ಆ ಕುಂಕುಮ ಕಂಡು ನನ್ನ ಧೈರ್ಯ ಉಡುಗಿತು.

“ಸ್ವಾತಂತ್ರ್ಯ ಬಂದ ಮೇಲಿನದಂತೆ” ಎಂದೆ.

ಆ ಇಂಗ್ಲಿಷ್ ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಅವರು ತಲೆಯಾಡಿಸಿ ಗರಗಸವನ್ನು ಮಾಡಿನ ಸಂದಿಗೆ ಸಿಕ್ಕಿಸಿದರು. ಅಂದಿನಿಂದ ಅದರ ಕೆಳಗೆ ಹಾಡಹಗಲೇ ಕೂರಲೂ ನನಗೆ ಭಯ. ಸತ್ತವರ ಅನ್ನಕ್ಕೆ ಕಲ್ಲು ಹಾಕಿದವನು ನಾನು.

ಮಳೆಗಾಲದ ಆಟಿ ತಿಂಗಳು ಬಂತು. ಕುಲೆಗಳಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಒಳಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡೇಳುವವರೆಗೆ ಹೊರಗೆ ಕಾಯುವುದು ನಮ್ಮ ಕ್ರಮ. ಪ್ರತಿವರ್ಷ ಮೂರು ಎಲೆ. ಆ ವರ್ಷ ದೊಡ್ಡಮ್ಮ ನಾಲ್ಕು ಹಾಕಿದರು.

“ಗರಗಸ ಹೊಸತು ಅಂದೆನಲ್ಲ?” ಎಂದೆ.

“ನೀನು ಹೇಳಿದ್ದು ಕೇಳಿದ್ದೇನೆ. ಅವರು ಬದುಕಿದ್ದರೆ, ಜೀವ ಇರುವವನಿಗೆ ಕುಲೆಯ ಎಲೆ ಹಾಕಿದೆಯಾ ಅಂತ ಬಂದು ನನಗೆ ಬೈಯಲಿ. ಬಡಿಸು.”

ಬಡಿಸಿದೆ. ಬಾಗಿಲೆಳೆದು ಇಬ್ಬರೂ ಮೆಟ್ಟಿಲ ಮೇಲೆ ಕೂತು ದಾರಿ ನೋಡಿದೆವು. ಬೈಯಲು ಯಾರೂ ಬರಲಿಲ್ಲ. ಕೊನೆಗೆ ದೊಡ್ಡಮ್ಮ ಸೆರಗಿನ ತುದಿಯಿಂದ ಹಣೆಯ ಕುಂಕುಮ ಒರೆಸಿಕೊಂಡು, ಬಾಗಿಲು ತೆರೆಯಲು ಎದ್ದರು.